ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ ಅಂತ ಫಾರ್ಮ್ಯಾಟ್ ಮಾಡಿಸಬೇಡಿ, ಮೊದಲು ಅದರ ಹೆಸರು ಹುಡುಕಿ

ಮಿಕ್ಕಿದ್ದೆಲ್ಲ ಆಮೇಲೆ, ನೀವು ಬರೆದಿರುವ ಆ ಕಂಪ್ಯೂಟರ್ ಅಂಗಡಿಯವರು ಹೇಳಿದ ಹಾಗೆ ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ. ನೀವು ಬರೆದಿರುವುದು ನನಗೆ ಅರ್ಥವಾದದ್ದು ಇಷ್ಟು: ಮಂಡ್ಯದ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪಿಗೆ ಹೋದ ವಾರ ಉಬುಂಟು ಎಂಬ ಲಿನಕ್ಸ್ ಹಾಕಿಸಿದ್ದೀರಿ. ಅಣ್ಣನ ಮದುವೆಯ ಫೋಟೊಗಳು, ಧಾರೆಯಿಂದ ಬೀಗರೂಟದವರೆಗೆ, 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಮೊದಲು ಅಣ್ಣನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿತ್ತು. ಈಗ ಸಿಕ್ಕಿಸಿದರೆ ಲೈಟು ಉರಿಯುತ್ತದೆ, ಆದರೆ ಸಿ ಡ್ರೈವ್, ಡಿ ಡ್ರೈವ್ ಅಂತ ಏನೂ ಬರುವುದಿಲ್ಲ.

ನಾನು ಮೈಸೂರಿನ ಅಗ್ರಹಾರದ ಹತ್ತಿರ ಒಂದು ಫೋಟೊ ಸ್ಟುಡಿಯೊದಲ್ಲಿ ಆಲ್ಬಂ ಡಿಸೈನ್ ಮಾಡುತ್ತೇನೆ. ಗಿರಾಕಿಗಳು ತರುವ ಡಿಸ್ಕುಗಳನ್ನು ಮೊದಲು ಉಬುಂಟು ಇರುವ ಕಂಪ್ಯೂಟರಿಗೇ ಹಾಕಿ ಕಾಪಿ ಮಾಡಿಕೊಳ್ಳುತ್ತೇವೆ. 'ಕಾಣ್ತಿಲ್ಲ ಸರ್, ಹೋಯ್ತು ಅನ್ಸುತ್ತೆ' ಅಂತ ಮುಖ ಸಣ್ಣ ಮಾಡಿಕೊಂಡು ಬರುವವರ ಡಿಸ್ಕುಗಳಲ್ಲಿ ನಾನು ನೋಡಿದ ಮಟ್ಟಿಗೆ ನಿಜವಾಗಿ ಹೋಗಿರುವುದು ಕಡಿಮೆ.

ಲಿನಕ್ಸ್‌ನಲ್ಲಿ ಸಿ, ಡಿ ಅನ್ನುವ ಪದ್ಧತಿಯೇ ಇಲ್ಲ. ನಮ್ಮ ಕಡೆಯ ತೊಟ್ಟಿಮನೆ ನೆನೆಸಿಕೊಳ್ಳಿ. ಬಾಗಿಲು ಒಂದೇ, ಕೋಣೆಗಳೆಲ್ಲ ಒಳಗೆ. ಹೊರಗಿನಿಂದ ಬಂದ ಡಿಸ್ಕಿಗೂ ಒಳಗೇ ಒಂದು ಕೋಣೆ ಕೊಡುತ್ತಾರೆ. ಹಾಗೆ ಕೊಡುವುದಕ್ಕೇ ಮೌಂಟ್ ಮಾಡುವುದು ಅನ್ನುವುದು. ಉಬುಂಟುವಿನಲ್ಲಿ ಆ ಕೋಣೆ ಸಿಗುವುದು ಮೀಡಿಯಾ ಎಂಬ ಫೋಲ್ಡರಿನೊಳಗೆ ನಿಮ್ಮ ಯೂಸರ್ ಹೆಸರಿನ ಫೋಲ್ಡರಿನಲ್ಲಿ. ಆದರೆ ಕೋಣೆ ಸಿಗುವುದಕ್ಕೆ ಮುಂಚೆಯೇ ಕರ್ನಲ್, ಅಂದರೆ ಲಿನಕ್ಸ್‌ನ ಒಳಗಿನ ತಿರುಳು, ಆ ಡಿಸ್ಕನ್ನು ಗುರುತಿಸಿ ಒಂದು ಹೆಸರು ಇಟ್ಟಿರುತ್ತದೆ. ನೀವು ಫೋಲ್ಡರ್ ಫೋಲ್ಡರ್ ತಡಕುವ ಬದಲು ಆ ಹೆಸರನ್ನು ಹುಡುಕಬೇಕು.

ಡಿಸ್ಕನ್ನು ಲ್ಯಾಪ್‌ಟಾಪಿನಿಂದ ತೆಗೆದಿಡಿ. ಟರ್ಮಿನಲ್, ಅಂದರೆ ಕಮಾಂಡ್ ಹೊಡೆಯುವ ಕಿಟಕಿ, ತೆರೆದು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಅಕ್ಷರಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ಒಂದು ಪಟ್ಟಿ ಬರುತ್ತದೆ. ಲ್ಯಾಪ್‌ಟಾಪಿನದೇ ಡಿಸ್ಕು ಎಸ್‌ಡಿಎ ಅಂತಲೋ, ಹೊಸ ನಮೂನೆಯದಾದರೆ ಎನ್‌ವಿಎಂಇ ಅಂತ ಶುರುವಾಗುವ ಹೆಸರಲ್ಲೋ ಇರುತ್ತದೆ. ಲೂಪ್ ಅಂತ ಇರುವ ಸಾಲುಗಳನ್ನು ಬಿಡಿ. ಈಗ ಡಿಸ್ಕ್ ಸಿಕ್ಕಿಸಿ, ಹತ್ತು ಎಣಿಸಿ, ಅದೇ ಕಮಾಂಡನ್ನು ಮತ್ತೆ ಕೊಡಿ. ಮೊದಲ ಪಟ್ಟಿಯಲ್ಲಿ ಇಲ್ಲದೆ ಎರಡನೆಯದರಲ್ಲಿ ಹೊಸದಾಗಿ ಬಂದಿದ್ದೇ ನಿಮ್ಮ ಡಿಸ್ಕು, ಬಹುಶಃ ಎಸ್‌ಡಿಬಿ. ಅದರ ಕೆಳಗೆ ಕೊಂಬೆಯಂತೆ ಎಸ್‌ಡಿಬಿ1 ಇದ್ದರೆ ಅದು ಪಾರ್ಟಿಷನ್, ಅಂದರೆ ಡಿಸ್ಕಿನೊಳಗಿನ ಒಂದು ಪಾಲು, ಫೋಟೊ ಇರುವುದು ಅಲ್ಲಿ. ಅಳತೆ 931.5ಜಿ ಅಂತ ತೋರಿಸಿದರೆ ಗಾಬರಿಯಾಗಬೇಡಿ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಈ ಕಮಾಂಡ್ 1024ರ ಲೆಕ್ಕದಲ್ಲಿ. ಡಿಸ್ಕು ಅದೇ, ಜಾಗವೂ ಅಷ್ಟೇ.

ಎರಡು ಸಲ ನೋಡಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷದ ಹಿಂದೆ ಉಬುಂಟು ಇನ್‌ಸ್ಟಾಲ್ ಮಾಡುವ ಇಮೇಜ್ ಫೈಲನ್ನು ಪೆನ್‌ಡ್ರೈವಿಗೆ ಬರೆಯಲು ಡಿಡಿ ಎಂಬ ಕಮಾಂಡ್ ಕೊಟ್ಟೆ. ನನ್ನ ಪೆನ್‌ಡ್ರೈವ್ ಯಾವಾಗಲೂ ಎಸ್‌ಡಿಬಿ ಅಂತಲೇ ಬರುತ್ತಿತ್ತು. ಅವತ್ತು ಅಕ್ಕನ ಹಾರ್ಡ್ ಡಿಸ್ಕನ್ನು ಮೊದಲೇ ಸಿಕ್ಕಿಸಿದ್ದರಿಂದ ಎಸ್‌ಡಿಬಿ ಅದರ ಪಾಲಾಗಿ, ಪೆನ್‌ಡ್ರೈವ್ ಎಸ್‌ಡಿಸಿ ಆಗಿತ್ತು. ಈ ಹೆಸರುಗಳು ಖಾಯಂ ಅಲ್ಲ, ಗುರುತು ಸಿಕ್ಕ ಸರದಿಯಲ್ಲಿ ಬರುತ್ತವೆ. ನಾನು ಪಟ್ಟಿ ನೋಡದೆ ಎಂಟರ್ ಒತ್ತಿಬಿಟ್ಟೆ. ಡಿಸ್ಕಿನಲ್ಲಿ ಅವಳ ಮಗಳ ನಾಮಕರಣದ ಫೋಟೊಗಳಿದ್ದವು. ಪಾರ್ಟಿಷನ್‌ನ ಲೆಕ್ಕವಿರುವ, ಡಿಸ್ಕಿನ ಶುರುವಿನ ಭಾಗವೇ ಅಳಿಸಿಹೋಯಿತು. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಹಾಕಿ ಮೂರು ರಾತ್ರಿ ಕೂತು ಬಹಳಷ್ಟನ್ನು ವಾಪಸ್ ತೆಗೆದೆ. ಆದರೆ ಹಳೇ ಫೈಲುಗಳ ಹೆಸರು, ಫೋಲ್ಡರು ಒಂದೂ ಉಳಿಯಲಿಲ್ಲ. ಕ್ಯಾಮರಾದ ಗಡಿಯಾರವೂ ತಪ್ಪಿತ್ತು, ಹಾಗಾಗಿ ಹೊತ್ತು ನೋಡಿ ಜೋಡಿಸಲೂ ಆಗಲಿಲ್ಲ. ಅಕ್ಕ ಬೈಯಲಿಲ್ಲ. ಪಕ್ಕದಲ್ಲಿ ಕೂತು ಒಂದೊಂದೇ ಫೋಟೊ ನೋಡಿ, 'ಇದು ತೊಟ್ಟಿಲಿಗೆ ಹಾಕೋಕೆ ಮುಂಚೆ ಕಣೋ, ಇದು ಆಮೇಲೆ, ಇಲ್ಲಿ ಸೀರೆ ಬದಲಾಯಿಸಿದೀನಿ ನೋಡು' ಅಂತ ಹೇಳಿ ಜೋಡಿಸಿಕೊಟ್ಟಳು. ಅವತ್ತಿನಿಂದ ಡಿಸ್ಕಿನ ಹೆಸರು, ಅಳತೆ ಎರಡನ್ನೂ ಓದದೆ ಯಾವ ಕಮಾಂಡನ್ನೂ ಕೊಟ್ಟಿಲ್ಲ.

ಎರಡನೇ ಪಟ್ಟಿಯಲ್ಲೂ ಹೊಸದೇನೂ ಬರಲಿಲ್ಲ ಅಂದರೆ ಕರ್ನಲ್ ಏನು ಹೇಳುತ್ತಿದೆ ಕೇಳಿಸಿಕೊಳ್ಳಬೇಕು. ಟರ್ಮಿನಲ್‌ನಲ್ಲಿ ಹೀಗೆ ಹೊಡೆಯಿರಿ: ಸುಡೋ (ಎಸ್ ಯು ಡಿ ಓ), ಜಾಗ, ಡಿ ಎಂ ಇ ಎಸ್ ಜಿ, ಜಾಗ, ಹೈಫನ್ ಡಬ್ಲ್ಯೂ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಚುಕ್ಕಿ ಕಾಣದಿದ್ದರೂ ಅದು ತೆಗೆದುಕೊಳ್ಳುತ್ತಿರುತ್ತದೆ. ಆ ಕಿಟಕಿ ತೆರೆದಿರುವಾಗಲೇ ಡಿಸ್ಕ್ ಸಿಕ್ಕಿಸಿ. ಎಲ್ಲ ಸರಿ ಇದ್ದರೆ 'ನ್ಯೂ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್' ಅಂತಲೋ, ಹಳೇ ಪೋರ್ಟಾದರೆ 'ಹೈಸ್ಪೀಡ್' ಅಂತಲೋ ಒಂದು ಸಾಲು ಬಂದು, ಸ್ವಲ್ಪ ಹೊತ್ತಿಗೆ 'ಅಟ್ಯಾಚ್ಡ್ ಎಸ್‌ಸಿಎಸ್‌ಐ ಡಿಸ್ಕ್' ಅನ್ನುತ್ತದೆ. 'ಎರರ್ ಮೈನಸ್ 71' ಅಂತ ಪದೇ ಪದೇ ಬಂದರೆ, ಅಥವಾ ಒಂದು ಸಾಲೂ ಬರದಿದ್ದರೆ, ನಾನು ಮೊದಲು ಅನುಮಾನಿಸುವುದು ಕೇಬಲನ್ನು.

ಲೈಟು ಉರಿಯುತ್ತದಲ್ಲ ಅನ್ನುತ್ತೀರಿ. ಲೈಟಿಗೆ ಕರೆಂಟು ಸಾಕು, ಫೋಟೊ ಬರುವುದಕ್ಕೆ ಡೇಟಾ ತಂತಿಗಳೂ ಕೂಡಬೇಕು. ಈ ಡಿಸ್ಕುಗಳ ತುದಿಯಲ್ಲಿ ಅಗಲವಾದ, ಎರಡು ಭಾಗ ಅಂಟಿಕೊಂಡಂತಿರುವ ಪಿನ್ ಇರುತ್ತದಲ್ಲ, ಅದು ಬಹಳ ಬೇಗ ಸಡಿಲವಾಗುತ್ತದೆ. ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿ ನೋಡಿ, ಲೈಟು ಮಿಣುಕಿದರೆ ಕೇಬಲ್ ಬದಲಿಸಿ. ಕರೆಂಟಿನ ವಿಷಯವೂ ಇದೆ: ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್, 3.0ದು 900. ಒಳಗಿನ ತಟ್ಟೆ ತಿರುಗಲು ಶುರುವಾಗುವಾಗ ಡಿಸ್ಕು ಹೆಚ್ಚು ಎಳೆಯುತ್ತದೆ, ಹಳೇ ಲ್ಯಾಪ್‌ಟಾಪಿನ ಪೋರ್ಟಿಗೆ ಅದು ಭಾರವಾಗಬಹುದು. ಹಬ್ ಬಿಟ್ಟು ನೇರವಾಗಿ ಸಿಕ್ಕಿಸಿ, ಒಳಗೆ ನೀಲಿ ಬಣ್ಣವಿರುವ ಪೋರ್ಟ್ ಇದ್ದರೆ ಅದಕ್ಕೇ ಹಾಕಿ, ಚಾರ್ಜರ್ ಹಾಕಿಕೊಂಡಿರಿ. ಆದರೆ ಡಿಸ್ಕಿನೊಳಗಿನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬಂದರೆ ಈ ಪ್ರಯೋಗಗಳನ್ನೆಲ್ಲ ಅಲ್ಲೇ ನಿಲ್ಲಿಸಿ, ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.

ಎಸ್‌ಡಿಬಿ1 ಪಟ್ಟಿಯಲ್ಲಿದೆ, ಆದರೆ ಸಾಲಿನ ಕೊನೆಯಲ್ಲಿ ಮೌಂಟ್ ಆದ ಜಾಗ ಖಾಲಿ ಇದೆಯಾ? ನಿಮ್ಮ ವಿಷಯದಲ್ಲಿ ಇದೇ ಇರಬೇಕು ಅಂತ ನನ್ನ ಅಂದಾಜು. ವಿಂಡೋಸ್‌ನಲ್ಲಿ ಬಳಸುತ್ತಿದ್ದ ಡಿಸ್ಕು ಎನ್‌ಟಿಎಫ್‌ಎಸ್ ಎಂಬ, ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿರುವುದು ಸಾಮಾನ್ಯ. ಅದನ್ನು ಸೇಫ್ ಆಗಿ ತೆಗೆಯದೆ ಎಳೆದಿದ್ದರೆ, ಅಥವಾ ಫಾಸ್ಟ್ ಸ್ಟಾರ್ಟಪ್ (ಮತ್ತೆ ಬೇಗ ಶುರುವಾಗಲೆಂದು ವಿಂಡೋಸ್ ಪೂರ್ತಿ ಆಫ್ ಆಗದಿರುವ ವ್ಯವಸ್ಥೆ) ಇರುವ ಲ್ಯಾಪ್‌ಟಾಪನ್ನು ಆಫ್ ಮಾಡಿ ಕಿತ್ತಿದ್ದರೆ, 'ಕೆಲಸ ಅರ್ಧಕ್ಕೆ ನಿಂತಿದೆ' ಎಂಬ ಗುರುತು ಡಿಸ್ಕಿನ ಮೇಲೆ ಉಳಿಯುತ್ತದೆ. ಅದನ್ನು ಕಂಡು ಲಿನಕ್ಸ್ ಮೌಂಟ್ ಮಾಡಲು ಒಪ್ಪುವುದಿಲ್ಲ. ಅದು ಮೊಂಡುತನ ಅಲ್ಲ, ನಿಮ್ಮ ಫೋಟೊ ಕೆಡದಿರಲಿ ಅಂತ. ಡಿಸ್ಕನ್ನು ಅಣ್ಣನ ಲ್ಯಾಪ್‌ಟಾಪಿಗೆ ಮತ್ತೆ ಹಾಕಿ, ಅಲ್ಲಿ ತೆರೆದರೆ ಸೇಫ್ಲಿ ರಿಮೂವ್ ಕೊಟ್ಟು, ಪೂರ್ತಿ ಆಫ್ ಆಗುವಂತೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ ತನ್ನಿ.

ಅಣ್ಣ ಊರಲ್ಲಿಲ್ಲ ಅಂದರೆ ಓದುವುದಕ್ಕಷ್ಟೇ ಮೌಂಟ್ ಮಾಡಬಹುದು, ಕಾಪಿಗೆ ಅಷ್ಟೇ ಸಾಕು: ಸುಡೋ, ಮೌಂಟ್, ಹೈಫನ್ ಓ, ಆರ್‌ಓ, ಸ್ಲ್ಯಾಶ್ ಡಿಇವಿ ಸ್ಲ್ಯಾಶ್ ಎಸ್‌ಡಿಬಿ1, ಸ್ಲ್ಯಾಶ್ ಎಂಎನ್‌ಟಿ. ಅಲ್ಪವಿರಾಮ ಇರುವಲ್ಲಿ ಒಂದೊಂದು ಜಾಗ ಬಿಡಿ, ಎಸ್‌ಡಿಬಿ1ರ ಬದಲು ನಿಮ್ಮ ಪಟ್ಟಿಯಲ್ಲಿ ಕಂಡ ಹೆಸರು ಹಾಕಿ. ಆಮೇಲೆ ಎಂಎನ್‌ಟಿ ಫೋಲ್ಡರ್ ತೆರೆದರೆ ಒಳಗಿರುವುದು ಕಾಣುತ್ತದೆ. ಇದರಿಂದ ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ.

ಫೋಟೊ ಕಂಡ ತಕ್ಷಣ ನೋಡುತ್ತಾ ಕೂರಬೇಡಿ, ಅಷ್ಟನ್ನೂ ಮೊದಲು ಲ್ಯಾಪ್‌ಟಾಪಿಗೋ ಇನ್ನೊಂದು ಡಿಸ್ಕಿಗೋ ಕಾಪಿ ಮಾಡಿಕೊಳ್ಳಿ.

ಆಗಲಿಲ್ಲ ಅಂದರೆ ಎರಡನೇ ಪಟ್ಟಿಯನ್ನೂ ಕರ್ನಲ್ ಸಾಲುಗಳ ಕೊನೆಯ ಹತ್ತನ್ನೂ ಇಲ್ಲೇ ಕೆಳಗೆ ಹಾಕಿ, ಡಿಸ್ಕಿನ ಸೀರಿಯಲ್ ನಂಬರ್ ಇದ್ದರೆ ಅಳಿಸಿಬಿಡಿ. ರಾತ್ರಿ ಸ್ಟುಡಿಯೊ ಬಾಗಿಲು ಹಾಕಿದ ಮೇಲೆ ಓದಿ ಬರೆಯುತ್ತೇನೆ.