ಮನೆ ಮೇಲೆ ಮಾವಿನ ಮರ ಬಿದ್ದಿದೆ, ತೆಗೆಯೋಕೆ 45 ಸಾವಿರ ಕೇಳ್ತಿದ್ದಾರೆ. ನ್ಯಾಯವಾ?

45 ಸಾವಿರ ಜಾಸ್ತಿ. ಮರವೂ ಅವರಿಗೇ, ಅರ್ಧ ದುಡ್ಡು ಈಗಲೇ, ಇವತ್ತೇ ಹೂಂ ಅನ್ನಬೇಕು ಅನ್ನೋ ಷರತ್ತೆಲ್ಲ ಸೇರಿದರೆ ಇನ್ನೂ ಜಾಸ್ತಿ. ಹಾಗಂತ ಪಕ್ಕದ ಮನೆಯವರು ಹೇಳಿದ "ಎಂಟು ಸಾವಿರದ ಕೆಲಸ" ಅನ್ನೋದನ್ನೂ ನಂಬಬೇಡಿ. ಮೈಸೂರಲ್ಲಿ ಸೌದೆ ಡಿಪೋ ನಡೆಸೋನು ನಾನು. ಮರ ಕೊಯ್ಯೋರ ಜೊತೆ ದಿನಾ ವ್ಯವಹಾರ ಇರೋದರಿಂದ ಎರಡೂ ಕಡೆಯ ಲೆಕ್ಕ ಗೊತ್ತು.

ನೀವು ಬರೆದಿರೋದು ಇಷ್ಟು: ಕುವೆಂಪುನಗರದಲ್ಲಿ ಸ್ವಂತ ಮನೆ, ಕಾಂಪೌಂಡಿನ ಒಳಗಿದ್ದ ಮಾವಿನ ಮರ, ಬುಡದ ಸುತ್ತಳತೆ ಆರಡಿ. ಮೊನ್ನೆ ಸಂಜೆಯ ಗಾಳಿಮಳೆಗೆ ಬೇರು ಸಮೇತ ಕಿತ್ತು ಕಾರ್ ನಿಲ್ಲಿಸೋ ಶೀಟಿನ ಮೇಲೆ, ಗೇಟಿನ ಮೇಲೆ ಒರಗಿದೆ. ಒಂದು ಕೊಂಬೆ ಕಂಬದಿಂದ ಮನೆಗೆ ಬರೋ ವೈರನ್ನ ಎಳ್ಕೊಂಡು ನಿಂತಿದೆ.

ಆ ವೈರಿನ ವಿಷಯಕ್ಕೆ ಯಾರಿಗೂ ದುಡ್ಡು ಕೊಡಬೇಡಿ. 1912ಕ್ಕೆ ಫೋನ್ ಮಾಡಿ, ಚೆಸ್ಕಾಂ ಲೈನ್‌ಮನ್ ಬಂದು ಕಂಬದಲ್ಲೇ ಸಂಪರ್ಕ ತೆಗೀಲಿ. ಬೀದಿಯಲ್ಲಿ ಕರೆಂಟ್ ಇಲ್ಲ ಅಂದ ಮಾತ್ರಕ್ಕೆ ವೈರ್ ಸತ್ತಿದೆ ಅಂತ ಅಲ್ಲ, ಯಾವ ಗಳಿಗೆಯಲ್ಲಿ ಬೇಕಾದರೂ ಬರಬಹುದು. "ನಾವೇ ಕೋಲಲ್ಲಿ ಎತ್ತಿ ಬಿಡ್ತೀವಿ ಸಾರ್" ಅನ್ನೋ ಗುಂಪಿಗೆ ಅಲ್ಲೇ ಕೈ ಮುಗಿದು ಕಳಿಸಿ. ಮರ ರಸ್ತೆ ಬದಿಯದ್ದಾಗಿದ್ದರೆ ಪಾಲಿಕೆಯ ಅಭಯ ತಂಡಕ್ಕೆ ಹೇಳಿದರೆ ಮುಗೀತಿತ್ತು, ಖರ್ಚಿನ ಮಾತೇ ಬರ್ತಿರಲಿಲ್ಲ. ನಿಮ್ಮದು ಒಳಗಿನ ಮರ, ಆದ್ದರಿಂದ ಖರ್ಚು ನಿಮ್ಮದೇ. ಮನೆಯೊಳಗೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ಮಾತ್ರ ದರ ಗಿರ ನೋಡದೆ 112.

ಈಗ ದರಕ್ಕೆ ಬರೋಣ. ನಿಮಗೆ ಒಂದೇ ಕೆಲಸ ಅಂತ ಹೇಳಿ 45 ಸಾವಿರ ಕೇಳಿದ್ದಾರೆ. ಅಲ್ಲಿರೋದು ಎರಡು ಕೆಲಸ. ಶೀಟ್ ಮೇಲಿನ ಭಾರ ಇಳಿಸೋದು, ಗೇಟು ಬಿಡಿಸೋದು: ಇದು ತುರ್ತು. ಅಂಗಳಕ್ಕೆ ಇಳಿದ ದಿಮ್ಮಿ, ಕೊಂಬೆ, ಸೊಪ್ಪನ್ನ ತುಂಡು ಮಾಡಿ ಸಾಗಿಸೋದು ತುರ್ತಲ್ಲ. ನೆಲದ ಮೇಲೆ ಮಲಗಿದ ದಿಮ್ಮಿ ಹದಿನೈದು ದಿನ ಅಲ್ಲೇ ಇದ್ದರೆ ಏನೂ ಆಗಲ್ಲ. ಭರಣಿ ಮಳೆಯ ಮಾರನೇ ದಿನ ಊರಿಗೆಲ್ಲ ಇರೋದು ಬೆರಳೆಣಿಕೆಯ ಮರ ಕೊಯ್ಯೋ ಮಿಷನ್, ಹತ್ತಾರು ಕಡೆಯಿಂದ ಕರೆ. ಆ ದಿನದ ದರದಲ್ಲಿ ಸೊಪ್ಪು ಸಾಗಿಸೋಕೆ ಯಾಕೆ ದುಡ್ಡು ಸುರೀಬೇಕು? ತುರ್ತಿನ ಭಾಗಕ್ಕೆ ಮಾತ್ರ ತುರ್ತಿನ ದರ ಕೊಡಿ, ಉಳಿದದ್ದನ್ನ ಮಾಮೂಲಿ ದಿನದ ದರಕ್ಕೆ ಮಾಡಿಸಿ.

ತುರ್ತಿನ ಭಾಗಕ್ಕೆ ಮಾಮೂಲಿಗಿಂತ ಜಾಸ್ತಿ ಕೇಳೋದು ತಪ್ಪಲ್ಲ, ಇದನ್ನ ಒತ್ತಿ ಹೇಳ್ತೀನಿ. ನಿಂತ ಮರ ಕಡಿಯೋದಕ್ಕಿಂತ ಬಿದ್ದ ಮರ ಕೊಯ್ಯೋದು ಅಪಾಯ. ಒರಗಿ ನಿಂತ ಕಾಂಡದ ಒಂದು ಮಗ್ಗುಲು ಬಿಗಿದಿರುತ್ತೆ, ಇನ್ನೊಂದು ಮಗ್ಗುಲು ಒತ್ತಿಕೊಂಡಿರುತ್ತೆ. ಒತ್ತಿದ ಕಡೆಯಿಂದ ಆಳವಾಗಿ ಕೊಯ್ದರೆ ಗರಗಸ ಕಚ್ಚಿಕೊಳ್ಳುತ್ತೆ, ಬಿಗಿದ ಕಡೆ ಒಂದೇ ಸಲ ಕೊಯ್ದರೆ ಮರ ಸಿಡಿದು ಆಳಿನ ಎದೆಗೆ ಬಡಿಯುತ್ತೆ. ಕೆಳಗೆ ಸಿಕ್ಕಿ ಬಾಗಿರೋ ಕೊಂಬೆಯಂತೂ ಎಳೆದ ಬಿಲ್ಲು. ಬುಡದ ಹತ್ತಿರ ಕೊಯ್ದಾಗ ಮೇಲಿನ ಭಾರ ತಪ್ಪಿ, ಎದ್ದು ನಿಂತಿರೋ ಬೇರಿನ ಗಡ್ಡೆ ಮಣ್ಣು ಸಮೇತ ಧಡಕ್ಕನೆ ಗುಂಡಿಗೆ ವಾಪಸ್ ಕೂರಬಹುದು. ಅದಕ್ಕೇ ಆ ಗುಂಡಿ ಹತ್ತಿರ ಮಕ್ಕಳನ್ನ ಬಿಡಬೇಡಿ. ಇದೆಲ್ಲ ನೋಡಿ ಕೊಯ್ಯೋ ಕೈಗೆ ಒಂದಕ್ಕೆ ಒಂದೂವರೆ ಕೊಟ್ಟರೆ ನಷ್ಟ ಇಲ್ಲ. ಮೂರು ಪಟ್ಟು ಕೇಳಿದರೆ ಅದು ನಿಮ್ಮ ಗಾಬರಿಗೆ ಕಟ್ಟಿದ ಬೆಲೆ.

ಕ್ರೇನ್ ಬೇಕಾ ಅಂತ ಕೇಳಿದ್ದೀರಿ. ಬೇಕು. ಹಸಿ ಮರ ಘನ ಮೀಟರಿಗೆ ಸುಮಾರು 800ರಿಂದ 1000 ಕಿಲೋ ಬರುತ್ತೆ. ಆರಡಿ ಸುತ್ತಳತೆಯ ಹತ್ತಡಿ ದಿಮ್ಮಿ ಮುಕ್ಕಾಲು ಟನ್ ಆಸುಪಾಸು. ಅದನ್ನ ಶೀಟಿನ ಮೇಲಿಂದ ನಾಲ್ಕು ಆಳು ಹಗ್ಗ ಹಾಕಿ ಇಳಿಸ್ತೀವಿ ಅಂದರೆ ಶೀಟು ಹೋಗುತ್ತೆ, ಕೆಳಗಿನ ಕಾರೂ ಹೋಗುತ್ತೆ. ನೆರೆಯವರ ಎಂಟು ಸಾವಿರದಲ್ಲಿ ಬಿಟ್ಟುಹೋಗಿರೋದು ಈ ಕ್ರೇನೇ.

ಒಂದು ಅಂದಾಜು ಲೆಕ್ಕ ಹಾಕ್ತೀನಿ, ಕೂಲಿ ದರ ಬೀದಿಯಿಂದ ಬೀದಿಗೆ ಬದಲಾಗುತ್ತೆ, ನಿಮ್ಮ ಕಡೆಯದ್ದು ಹಾಕಿಕೊಳ್ಳಿ. ಮಿಷನ್ ಸಮೇತ ಕೊಯ್ಯೋನಿಗೆ 2,500, ಮೂರು ಆಳಿಗೆ 3,000, ಪೆಟ್ರೋಲು, ಆಯಿಲ್ಲು 1,000, ಕ್ರೇನ್ ಮೂರು ಗಂಟೆಗೆ 4,500. ಒಟ್ಟು 11 ಸಾವಿರ. ಒಂದೂವರೆ ಪಟ್ಟು ಮಾಡಿ, ಹದಿನಾರೂವರೆ ಸಾವಿರ. ಮೇಸ್ತ್ರಿಯ ಲಾಭವೂ ಅದರಲ್ಲೇ ಬಂತು. ಆಮೇಲಿನ ಕೆಲಸಕ್ಕೆ ಕೊಯ್ಯೋನು, ಇಬ್ಬರು ಆಳು, ಎರಡು ಟ್ರ್ಯಾಕ್ಟರ್ ಲೋಡ್ ಸೇರಿ ಎಂಟೂವರೆ ಸಾವಿರ. ಎರಡೂ ಕೂಡಿದರೆ 25 ಸಾವಿರ. ಇದಕ್ಕಿಂತ ಎರಡು ಮೂರು ಸಾವಿರ ಹೆಚ್ಚು ಕಮ್ಮಿ ಆದರೆ ನಾನು ಜಗಳ ಆಡಲ್ಲ.

ಈ 25 ಸಾವಿರದ ಲೆಕ್ಕ, ಮರ ನಿಮ್ಮ ಹತ್ತಿರವೇ ಉಳಿದರೆ ಮಾತ್ರ. ಮಾವಿನ ದಿಮ್ಮಿ ಹಲಗೆಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುತ್ತೆ, ಕೊಂಬೆ ಸೌದೆಗೆ. ನಮ್ಮಂಥೋರು ಟನ್ ಲೆಕ್ಕದಲ್ಲಿ ಕೊಳ್ತೀವಿ. ಹಾಗಾಗಿ ಮರ ಅವರೇ ತಗೊಂಡು ಹೋಗೋದಾದರೆ ಆ ಎಂಟೂವರೆ ಸಾವಿರದ ಬಹುಪಾಲು ಬಿಡಬೇಕು. ನಮ್ಮ ವ್ಯಾಪಾರದಲ್ಲಿ ಹೇಳಬಾರದ ಮಾತು ಇದು: ಸೈಟಿನ ಯಜಮಾನರು "ಮರ ತಗೊಂಡು ಹೋಗಿ, ಜಾಗ ಖಾಲಿಯಾದರೆ ಸಾಕು" ಅಂದಾಗಲೇ ಮೇಸ್ತ್ರಿಗೆ ನಿಜವಾದ ಲಾಭ. ಇದೇ ಜಾಗದಲ್ಲಿ ಗುಲ್‌ಮೊಹರ್ ಬಿದ್ದಿದ್ದರೆ ಅದು ಬರೀ ಸೌದೆ, ಹೆಚ್ಚೇನೂ ಬಿಡಿಸಿಕೊಳ್ಳೋಕೆ ಆಗಲ್ಲ. ಹಲಸೋ ತೇಗವೋ ಆಗಿದ್ದರೆ ಬೇರೆ ಇಬ್ಬರಿಗೆ ತೋರಿಸದೆ ಕೊಡಲೇಬೇಡಿ. ದಿಮ್ಮಿಯನ್ನ ಎರಡಡಿಗೆ ಒಂದು ತುಂಡು ಅಂತ ಕೊಯ್ಯೋಕೂ ಬಿಡಬೇಡಿ, ಹಲಗೆಗೆ ಬರೋ ಮರ ಅಲ್ಲೇ ಸೌದೆ ಆಗಿಹೋಗುತ್ತೆ.

ನಿಮ್ಮ ಚೀಟಿಯಲ್ಲಿ "ಫಾರೆಸ್ಟ್ ಖರ್ಚು 6,000" ಅಂತ ಒಂದು ಸಾಲು ಇದೆಯಲ್ಲ, ಅದಕ್ಕೆ ಇಲಾಖೆಯ ರಸೀದಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಕೊಡೋರು ವೃಕ್ಷಾಧಿಕಾರಿ. ಗಾಳಿಗೆ ಬಿದ್ದ ಮರಕ್ಕೆ, ಜೀವಕ್ಕೋ ಆಸ್ತಿಗೋ ಅಪಾಯ ಇರೋ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ತೆಂಗು, ಸಿಲ್ವರ್ ಓಕ್, ನೀಲಗಿರಿಗೆ ಅನುಮತಿಯೇ ಬೇಡ. ಫೋಟೋ ಇಟ್ಟು ನೀವೇ ಒಂದು ಅರ್ಜಿ ಕೊಡಿ. ಶ್ರೀಗಂಧ ಮಾತ್ರ ಬೇರೆ ಕಥೆ, ಬಿದ್ದಿದ್ದರೂ ಇಲಾಖೆಗೆ ತಿಳಿಸದೆ ಮುಟ್ಟಬೇಡಿ.

ಫೋಟೋ ಅಂದೆನಲ್ಲ, ಒಂದು ಕೊಂಬೆ ಕಡಿಯೋ ಮುಂಚೆಯೇ ಎಲ್ಲ ಕಡೆಯಿಂದ ತೆಗೀರಿ. ಮನೆಗೆ ಭಾರತ್ ಗೃಹ ರಕ್ಷಾ ಪಾಲಿಸಿ ಇದ್ದರೆ ಬಿರುಗಾಳಿಯ ಹಾನಿಯೂ ಮರ ಬಿದ್ದ ಹಾನಿಯೂ ಅದರಲ್ಲಿ ಬರುತ್ತೆ. ಅವಶೇಷ ತೆಗೆಸೋ ಖರ್ಚು ಕ್ಲೇಮಿನ 2% ವರೆಗೆ ಮಾತ್ರ, ಅದರ ಮೇಲೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಕಾರಿಗೆ ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಸಿಗಲ್ಲ.

ಮುಂಗಡ ಅರ್ಧ ಬೇಡ. ಕ್ರೇನ್ ಗೇಟಿಗೆ ಬಂದ ಮೇಲೆ ಅದರ ಬಾಡಿಗೆಯಷ್ಟು ಕೊಡಿ, ಉಳಿದದ್ದು ಶೀಟು ಖಾಲಿಯಾದ ಮೇಲೆ. ಯಾವುದು ಸೇರಿದೆ, ಯಾವುದು ಇಲ್ಲ ಅನ್ನೋದನ್ನ ಮೇಸ್ತ್ರಿಯ ವಾಟ್ಸಾಪಿಗೇ ಕಳಿಸಿ "ಸರಿ" ಅನ್ನಿಸಿಕೊಳ್ಳಿ. "ಗೋಡೆ ಪಕ್ಕದ ತೆಂಗಿನ ಮರವನ್ನೂ ಒಟ್ಟಿಗೆ ಕಡಿಸಿಬಿಡಿ, ನಾಳೆ ಅದೂ ಬೀಳುತ್ತೆ" ಅಂತ ಹೇಳಿದ್ದಾರಲ್ಲ, ಅದಕ್ಕೆ ಅವಸರ ಬೇಡ. ಬುಡದ ಸುತ್ತ ಮಣ್ಣು ಹೊಸದಾಗಿ ಬಿರಿದಿದ್ದರೆ, ಮೊದಲಿಲ್ಲದ ವಾಲು ಈಗ ಕಂಡರೆ ಯೋಚಿಸಿ, ಇಲ್ಲದಿದ್ದರೆ ಬಿಡಿ. ಮಾವಿನ ಬೊಡ್ಡೆಯನ್ನೂ ಈಗ ಕೀಳಿಸಬೇಡಿ. ಮಳೆ ನಿಂತು ಮಣ್ಣು ಆರಿದ ಮೇಲೆ ಜೆಸಿಬಿ ತರಿಸಿ, ಅದೂ ಕೆಳಗೆ ನೀರಿನ ಪೈಪು, ಒಳಚರಂಡಿ (ಯುಜಿಡಿ) ಲೈನು ಎಲ್ಲಿ ಹೋಗಿದೆ ಅಂತ ನೋಡಿಕೊಂಡು.