ಎಫ್‌ಎಎಲ್, ಎಂ14: ಯಾವ ರೈಫಲ್ ಹೆಚ್ಚು ನಂಬಿಕಸ್ಥ, ಯಾವುದರ ಗುರಿ ನಿಖರ?

ಧೂಳು, ಕೊಳೆಯ ನಡುವೆಯೂ ಕೈಕೊಡಬಾರದು ಅಂದರೆ ಬೆಲ್ಜಿಯಂನ ಎಫ್‌ಎಎಲ್. ಗುರಿಯೇ ಮುಖ್ಯ ಅಂದರೆ ಅಮೆರಿಕದ ಎಂ14, ಅದೂ ಚೆನ್ನಾಗಿ ಹೊಂದಿಸಿದ್ದು. ಎರಡಕ್ಕೂ ಗುಂಡು ಒಂದೇ, 7.62×51 ಮಿ.ಮೀ.

ಎಫ್‌ಎಎಲ್‌ನ ಗುಟ್ಟು ಮುಂದಿನ ಸೈಟ್‌ನ (ಕಣ್ಣಿಟ್ಟು ಗುರಿ ನೋಡುವ ಭಾಗ) ಹಿಂದಿರುವ ಪುಟ್ಟ ಬಳೆ. ಗುಂಡು ಹಾರಿದಾಗ ಬ್ಯಾರೆಲ್‌ನಿಂದ ಬರುವ ಸ್ವಲ್ಪ ಗ್ಯಾಸ್ ಪಿಸ್ಟನ್ ತಳ್ಳುತ್ತದೆ, ಖಾಲಿ ತೋಟಾ ಹೊರಬಿದ್ದು ಹೊಸದು ಏರುತ್ತದೆ. ಹೆಚ್ಚಾದ ಗ್ಯಾಸ್ ಒಂದು ತೂತಿನಿಂದ ಆಚೆ ಹೋಗುತ್ತದೆ. ಕೊಳೆ ಕಟ್ಟಿ ರೈಫಲ್ ತಡವರಿಸಿದರೆ ಬಳೆ ತಿರುಗಿಸಿ ತೂತು ಕಿರಿದು ಮಾಡಿದರಾಯ್ತು, ತಳ್ಳುವ ಬಲ ಜಾಸ್ತಿಯಾಗುತ್ತದೆ. ನುಣ್ಣನೆ ಮರಳು ಮಾತ್ರ ಇದಕ್ಕೂ ಶತ್ರು. ಬ್ರಿಟಿಷರು ಅದಕ್ಕೇ ಬೋಲ್ಟ್ (ತೋಟಾ ಒಳಗೆ ತಳ್ಳುವ ತುಂಡು) ಹೊತ್ತ ಭಾಗದಲ್ಲಿ ಮರಳು ಸರಿದುಹೋಗಲು ಗೀರು ಕೊರೆದರು.

ಆದರೆ ಎಫ್‌ಎಎಲ್‌ನ ಹಿಂದಿನ ಸೈಟ್ ರೈಫಲ್‌ನ ಕೆಳಭಾಗದ ಮೇಲಿದೆ, ಮುಂದಿನದು ಬ್ಯಾರೆಲ್ ಕಡೆ. ನಡುವೆ ಕೀಲು! ಅದು ಸಡಿಲವಾದರೆ ಗುರಿ ಅಲ್ಲಾಡುತ್ತದೆ ಅಲ್ವಾ? ಎಂ14ರಲ್ಲಿ ಎರಡೂ ಸೈಟ್ ಒಂದೇ ಗಟ್ಟಿ ಜೋಡಣೆಯ ಮೇಲಿವೆ. ಅದರ ಮರದ ಹಿಡಿ (ರೈಫಲ್ ಕೂರುವ ಸ್ಟಾಕ್) ತೇವಕ್ಕೆ ಉಬ್ಬಿದರೆ ಮಾತ್ರ ಗುರಿ ಸರಿಯುತ್ತದೆ. ಫೈಬರ್‌ಗ್ಲಾಸ್ ಹಿಡಿ ಬಂದದ್ದು ಅದಕ್ಕೇ.

ಅಂದಹಾಗೆ, ಪಶ್ಚಿಮ ಬಂಗಾಳದ ಈಶಾಪುರದಲ್ಲಿ ತಯಾರಾದ ನಮ್ಮ ಸೇನೆಯ ಹಳೆಯ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಎಫ್‌ಎಎಲ್ ವಂಶದ್ದೇ.