ಕಳ್ಳರಿಗೆ ಎಲೆಕ್ಷನ್ ಇಲ್ವಾ?

ಸಿರ್ಸಿ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ತೋಟದ ನಡುವೆ ಒಂಟಿ ಮನೆ. ನಾನು, ಹೆಂಡತಿ, ವಯಸ್ಸಾದ ಅಮ್ಮ, ಮೂರೇ ಜನ. ಹೋದ ವರ್ಷ ಅಂಗಳದಲ್ಲಿ ಹರವಿದ್ದ ಅಡಿಕೆಯನ್ನು ರಾತ್ರೋರಾತ್ರಿ ಚೀಲಕ್ಕೆ ತುಂಬಿಕೊಂಡು ಹೋದರು. ಪೇಟೆಯ ರೌಡಿಗಳ ಹತ್ತಿರ ಪಿಸ್ತೂಲು ಸಿಕ್ಕಿತು ಎಂದು ಪೇಪರಿನಲ್ಲಿ ಓದುತ್ತೇವೆ. ಅವರಿಗೆ ಯಾವ ಲೈಸೆನ್ಸು? ನಮಗಾದರೆ ಒಂದು ಕೋವಿಗೆ ಹತ್ತು ಸಲ ಓಡಾಟ. ಎಲೆಕ್ಷನ್ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸಬೇಕು. ಕಳ್ಳರಿಗೆ ಎಲೆಕ್ಷನ್ ಇಲ್ವಾ? ಪಿಸ್ತೂಲಿಗೆ ಅರ್ಜಿ ಹಾಕೋಣ ಅಂತಿದ್ದೇನೆ. ಏನು ಹೇಳುತ್ತೀರಿ?" ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಎಲೆಕ್ಷನ್ ಪ್ರಶ್ನೆಗೆ ಎಲ್ಲರೂ ನಕ್ಕರು, ಉತ್ತರ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಹಾಗಾಗಿ ಅದು ನನ್ನ ತಲೆಗೇ ಬಂತು. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ರೌಡಿಯ ಕೈಗೆ ಪಿಸ್ತೂಲು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ.

ಅದು ಯಾವ ಅಂಗಡಿಯಿಂದಲೂ ಬರುವುದಿಲ್ಲ. ನಮ್ಮ ದೇಶದಲ್ಲಿ ಸಿಕ್ಕಿಬೀಳುವ ಕಳ್ಳ ಪಿಸ್ತೂಲುಗಳ ಜಾಡು ಹಿಡಿದರೆ ಬಹಳ ಸಲ ಮುಟ್ಟುವುದು ಬಿಹಾರದ ಮುಂಗೇರನ್ನು, ಇಲ್ಲವೇ ಮಧ್ಯಪ್ರದೇಶದ ಬಡವಾನಿ, ಖರಗೋನ್ ಕಡೆಯ ಹಳ್ಳಿಗಳನ್ನು. ಮುಂಗೇರಿಗೆ ಕೋವಿ ಹೊಸದಲ್ಲ. ಬಂಗಾಳದ ನವಾಬ ಮೀರ್ ಕಾಸಿಮ್ 1760ರ ದಶಕದಲ್ಲಿ ತನ್ನ ರಾಜಧಾನಿಯನ್ನು ಅಲ್ಲಿಗೆ ಒಯ್ದು ಬಂದೂಕಿನ ಕಾರ್ಖಾನೆ ಹಾಕಿದ. ಆ ಕೈಕಸುಬು ಊರಿನಲ್ಲೇ ಉಳಿಯಿತು. ಲೈಸೆನ್ಸ್ ಇರುವ ಕಾರ್ಖಾನೆಗಳು ಅಲ್ಲಿ ಈಗಲೂ ಇವೆ. ಅದೇ ಕಸುಬು ಹಿತ್ತಿಲ ಬಾಗಿಲಿನಿಂದಲೂ ನಡೆಯುತ್ತದೆ.

ಇನ್ನೊಂದು ದಾರಿ ಸರ್ಕಾರದ ಉಗ್ರಾಣದ್ದೇ. 2018ರಲ್ಲಿ ಮುಂಗೇರಿನಲ್ಲಿ ಒಂದರ ಹಿಂದೆ ಒಂದು ಎಕೆ-47 ಸಿಕ್ಕವು, ಬಾವಿಯೊಳಗಿಂದಲೂ ತೆಗೆದರು. ಅವು ಹೊರಟದ್ದು ಜಬಲ್ಪುರದ ಸೇನಾ ಡಿಪೋದಿಂದ. ಅಲ್ಲೇ ಕೆಲಸ ಮಾಡಿ ನಿವೃತ್ತನಾದವನನ್ನೂ ಹಿಡಿದರು. ಕಾಗದದ ದಾರಿಯೂ ಒಂದಿದೆ. ಜಮ್ಮು-ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ 2.78 ಲಕ್ಷಕ್ಕೂ ಹೆಚ್ಚು ಲೈಸೆನ್ಸನ್ನು ಅರ್ಹರಲ್ಲದವರಿಗೆ ಕೊಟ್ಟ ಆರೋಪದ ಬಗ್ಗೆ ಸಿಬಿಐ ತನಿಖೆಗೆ ಇಳಿಯಿತು. ನೀವು ಒಂದಕ್ಕೆ ಹತ್ತು ಸಲ ಅಲೆಯುತ್ತೀರಿ. ನಿಮಗೆ ಸಿಟ್ಟು ಬಂದರೆ ತಪ್ಪಿಲ್ಲ.

ಆದರೆ ನನಗೆ ಮುಖ್ಯ ಅನಿಸುವುದು ತಯಾರಾಗುವ ಊರಲ್ಲ, ಕೊನೆಯ ಕೈ. ಅಮೆರಿಕದ ಶಿಕಾಗೊದಲ್ಲಿ ಸಂಶೋಧಕರು ಜೈಲಿನಲ್ಲಿದ್ದ 99 ಜನರನ್ನು ಕೂರಿಸಿಕೊಂಡು ನೇರವಾಗಿ ಕೇಳಿದರು: ನಿಮಗೆ ಗನ್ ಹೇಗೆ ಸಿಗುತ್ತದೆ? 2015ರಲ್ಲಿ ಅದು ಪ್ರಕಟವಾಯಿತು. ಅಂಗಡಿ ಎಂದವರು ತೀರಾ ಕಡಿಮೆ. ಕದ್ದೆವು ಎಂದವರೂ ಕಡಿಮೆಯೇ. ಹೆಚ್ಚಿನವರು ಹೇಳಿದ್ದು ಒಂದೇ, ಗುರುತಿನವರಿಂದ. ನೆಂಟ, ಗ್ಯಾಂಗಿನ ಗೆಳೆಯ, ಓಣಿಯಲ್ಲಿ ಜೊತೆಗೆ ಬೆಳೆದವ. ಅಪರಿಚಿತ ಪೊಲೀಸ್ ಮಾಹಿತಿದಾರ ಆಗಿರಬಹುದು, ಹಾಗಾಗಿ ಅವನಿಂದ ಕೊಳ್ಳುವುದಿಲ್ಲ. ಒಂದೇ ಗನ್ನನ್ನು ಬಹಳ ದಿನ ಇಟ್ಟುಕೊಳ್ಳುವುದೂ ಇಲ್ಲ, ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ.

ಶಿಕಾಗೊದ ಕಾನೂನು, ಅಲ್ಲಿನ ಪೇಟೆ ಬೇರೆ, ನಮ್ಮದು ಬೇರೆ. ಆದರೂ ಕೈ ದಾಟುವ ಈ ಮಾತು ಇಲ್ಲಿಗೂ ಹೊಂದುತ್ತದೆ. 2015ರ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಂದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಎರಡು ವರ್ಷದ ಅಂತರ, ಬೇರೆ ಊರು, ಅದೇ ಪಿಸ್ತೂಲು.

ಈಗ ನಿಮ್ಮ ಪಿಸ್ತೂಲಿನ ವಿಷಯ. ಅವನ ಹತ್ತಿರ ಇದೆ, ನನ್ನ ಹತ್ತಿರವೂ ಇದ್ದರೆ ಸರಿಸಮ ಅಂತ ನಿಮ್ಮ ಲೆಕ್ಕ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ನಡೆದದ್ದು ನೋಡಿ. 1996ರಲ್ಲಿ ಭಟ್ಕಳದ ಶಾಸಕ ಡಾ. ಚಿತ್ತರಂಜನ್ ತಮ್ಮ ಮನೆಯಲ್ಲಿದ್ದಾಗಲೇ ಗುಂಡಿಗೆ ಬಲಿಯಾದರು. 2000ದಲ್ಲಿ ಕಾರವಾರದಲ್ಲಿ ಶಾಸಕ ವಸಂತ ಅಸ್ನೋಟಿಕರ್. 2013ರ ಡಿಸೆಂಬರ್‌ನಲ್ಲಿ ಅಂಕೋಲೆಯ ಉದ್ಯಮಿ ಆರ್.ಎನ್. ನಾಯಕ. ಈ ಮೂರನೆಯದರ ಮುಂದೆ ಸ್ವಲ್ಪ ನಿಲ್ಲಬೇಕು. ಕೋಟಿಗಟ್ಟಲೆ ಹಫ್ತಾ ಕೇಳಿ ಬೆದರಿಕೆ ಬಂದಿತ್ತು. ನಾಯಕರು ಎಚ್ಚರದಿಂದಲೇ ಇದ್ದರು, ಜೊತೆಗೆ ಗನ್‌ಮ್ಯಾನ್ ಇದ್ದ. ಅವನೇನೂ ಕೈ ಕಟ್ಟಿ ನಿಲ್ಲಲಿಲ್ಲ. ತಿರುಗಿ ಗುಂಡು ಹಾರಿಸಿ ಹೊರರಾಜ್ಯದಿಂದ ಬಂದಿದ್ದ ಒಬ್ಬ ಹಂತಕನನ್ನು ಅಲ್ಲೇ ಕೆಡವಿದ. ಅಷ್ಟಾದರೂ ನಾಯಕರು ಉಳಿಯಲಿಲ್ಲ. ಕೊಲ್ಲಿಸಿದವನನ್ನು 2015ರಲ್ಲಿ ಮೊರಾಕ್ಕೊದಿಂದ ಹಿಡಿದು ತಂದರು, 2022ರಲ್ಲಿ ಬೆಳಗಾವಿಯ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು.

ತರಬೇತಿ ಪಡೆದವನ ಕೈಯಲ್ಲಿ, ಪಕ್ಕದಲ್ಲೇ, ತುಂಬಿದ ಗನ್ ಇತ್ತು. ಆದರೆ ಜಾಗ, ಹೊತ್ತು, ಮೊದಲ ಗುಂಡು, ಈ ಮೂರೂ ಬಂದವನ ಆಯ್ಕೆ. ನಿಮ್ಮ ಪಿಸ್ತೂಲು ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ, ಇರಲೇಬೇಕು. ಕೀಲಿಕೈ ಎಲ್ಲಿಟ್ಟೆ ಎಂದು ನೀವು ಹುಡುಕುವಷ್ಟರಲ್ಲಿ ಅಡಿಕೆ ಚೀಲ ಗದ್ದೆ ದಾಟಿರುತ್ತದೆ.

ದಾಟುತ್ತಿರುವುದು ಕಂಡಿತು ಅಂತಲೇ ಇಟ್ಟುಕೊಳ್ಳಿ. ಹೊಡೆಯಬಹುದೇ? ಇಲ್ಲಿ ಕಾನೂನು ಜನ ತಿಳಿದುಕೊಂಡಷ್ಟು ಕುರುಡಲ್ಲ. ಆತ್ಮರಕ್ಷಣೆಯ ಹಕ್ಕು ಹಿಂದೆ ಐಪಿಸಿಯಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಸೂರ್ಯ ಮುಳುಗಿದ ಮೇಲೆ ಬಾಗಿಲು ಒಡೆದು ಒಳಗೆ ನುಗ್ಗಿದವನ ಎದುರು, ಬೇರೆ ದಾರಿಯೇ ಇಲ್ಲದಿದ್ದರೆ, ಈ ಹಕ್ಕು ಪ್ರಾಣ ತೆಗೆಯುವ ತನಕವೂ ಹೋಗುತ್ತದೆ. ಅಂಗಳದಿಂದ ಅಡಿಕೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಈಡು ಹೊಡೆಯುವ ಹಕ್ಕು ಮಾತ್ರ ಅದರಲ್ಲಿ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡಬಾರದು. ಪೊಲೀಸರ ಹತ್ತಿರ ಹೋಗುವಷ್ಟು ಹೊತ್ತು ಇದ್ದರೆ ಈ ಹಕ್ಕೇ ಇಲ್ಲ. 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿದೆ: ಪ್ರಾಣಭಯದಲ್ಲಿರುವವನು ತಕ್ಕಡಿ ಹಿಡಿದು ತೂಗಿದ ಹಾಗೆ ಪೆಟ್ಟು ಅಳೆಯಲಿ ಎಂದು ಕೇಳಲಾಗದು. ಸಮಾಧಾನದ ಮಾತೇ. ಆದರೆ ಅದು ನಿಮ್ಮ ಪಾಲಿಗೆ ಬರುವ ಹೊತ್ತಿಗೆ ಕೋರ್ಟಿಗೆ ನೀವು ಎಷ್ಟು ಸಲ ಅಲೆದಿರುತ್ತೀರೋ ಏನೋ.

ನಮ್ಮ ಮನೆಯಲ್ಲೂ ಒಂದು ಕೇಪಿನ ಕೋವಿ ಇತ್ತು. ಅಜ್ಜನ ಹೆಸರಿನಲ್ಲಿ, ಬೆಳೆ ರಕ್ಷಣೆಗೆ. ಮಂಗ ಬಂತು ಎಂದು ಕೂಗಿದರೆ ಅಜ್ಜ ಜಗಲಿಯಲ್ಲಿ ಕೂತು ನಳಿಗೆಗೆ ಮಸಿ, ಅಂದರೆ ಮದ್ದಿನ ಪುಡಿ, ಸುರಿಯುತ್ತಿದ್ದರು, ಮೇಲೆ ತೆಂಗಿನ ಕತ್ತ ತುರುಕಿ ಗಜದ ಕೋಲಿನಿಂದ ಜಡಿಯುತ್ತಿದ್ದರು. ಆಮೇಲೆ ಚರೆ, ಮತ್ತೆ ಕತ್ತ, ಮತ್ತೆ ಜಡಿತ. ಕೇಪು ಸಿಕ್ಕಿಸಿ ಮೇಲೆದ್ದಾಗ ಮಂಗ ಆಚೆಮನೆಯ ಬಾಳೆಗೊನೆ ಮುಗಿಸಿರುತ್ತಿತ್ತು. ಅದರಿಂದ ಯಾರಿಗೂ ಅಪಾಯ ಇರಲಿಲ್ಲ ಎಂದೇ ನಾವು ತಿಳಿದಿದ್ದೆವು. ಒಮ್ಮೆ ಗುರುತಿನವರೊಬ್ಬರು "ಹಂದಿ ಬಹಳ ಆಗಿದೆ, ಎರಡು ದಿನ ಕೊಡಿ" ಎಂದು ಒಯ್ದರು. ಬಂದದ್ದು ತಿಂಗಳ ಮೇಲೆ, ಹಿಡಿ ಸೀಳಿತ್ತು, ನಳಿಗೆಯ ಬಾಯಿ ಕಪ್ಪಾಗಿತ್ತು. ಯಾವುದಕ್ಕೆ ಹೊಡೆದರು ಎಂದು ಅಜ್ಜ ಕೇಳಲಿಲ್ಲ, ಅವರೂ ಹೇಳಲಿಲ್ಲ. ಲೈಸೆನ್ಸ್ ಇಲ್ಲದವನ ಕೈಗೆ ಕೋವಿ ಕೊಟ್ಟದ್ದು ಅಪರಾಧ ಎಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಶಿಕಾಗೊದವರು ಹೇಳಿದ "ಗುರುತಿನವರು" ಎಂಬ ಮಾತು ಓದಿದಾಗ ನನ್ನ ಕಣ್ಣಿಗೆ ಬಂದದ್ದು ಆ ಸೀಳಿದ ಹಿಡಿ. ಕಾಡುಹಂದಿ ಎಂದುಕೊಂಡು ಮನುಷ್ಯನಿಗೇ ಈಡು ಬಿದ್ದ ಸುದ್ದಿ ಘಟ್ಟದ ಮೇಲಿನ ಪೇಪರುಗಳಿಗೆ ಹೊಸದೇನಲ್ಲ, ಅಲ್ವಾ?

ಹಾಗೆಂದು ಕೋವಿ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲೇ ನಿಮ್ಮಂಥವರಿಗೆ ಜಾಗ ಇದೆ. ಬೆಳೆ ಕಾಯಲು ಕೇಪಿನ ಕೋವಿ, ಸ್ವಂತ ರಕ್ಷಣೆಗೆ 20 ಇಂಚಿಗಿಂತ ಗಿಡ್ಡವಲ್ಲದ ನಳಿಗೆಯ ತೋಟೆ ಕೋವಿ. ಪಿಸ್ತೂಲಿಗಾದರೆ ಗಟ್ಟಿ ಕಾರಣ ತೋರಿಸಬೇಕು. ಅಡಿಕೆ ಕಳವು ಅದಕ್ಕೆ ಸಾಲುವ ಕಾರಣ ಎಂದು ಡಿಸಿ ಆಫೀಸು ಒಪ್ಪುವುದು ನನಗಂತೂ ಅನುಮಾನ. ಸುಮ್ನೆ ಓಡಾಟ ಜಾಸ್ತಿ ಆಗುತ್ತದೆ. ಒಣಗಿದ ಅಡಿಕೆಯನ್ನು ಮನೆಯಲ್ಲಿ ಇಡುವುದಕ್ಕಿಂತ ಸೊಸೈಟಿಯ ಗೋದಾಮಿಗೆ ಹಾಕಿ. ಅಂಗಳಕ್ಕೊಂದು ಸೋಲಾರ್ ದೀಪ ಹಾಕಿಸಿ. ಎರಡು ನಾಯಿ ಸಾಕಿ. ಒಂದೇ ಆದರೆ ಅದು ಅನ್ನ ಹಾಕಿದವರ ಮನೆಗೆಲ್ಲ ಹೋಗಿ ಮಲಗುತ್ತದೆ, ನಮ್ಮದು ಹಾಗೇ ಮಾಡುತ್ತಿತ್ತು. 112ಕ್ಕೆ ಫೋನ್ ಮಾಡಿದರೆ ಮಳೆಗಾಲದ ರಾತ್ರಿ ನಿಮ್ಮ ಮನೆಗೆ ಜೀಪು ಯಾವಾಗ ಮುಟ್ಟುತ್ತದೆ ಎಂಬುದು ನನಗೂ ಗೊತ್ತು. ಹಾಗಾಗಿ ಆಚೆಮನೆಯವರ ನಂಬರೂ ಗೋಡೆಯ ಮೇಲಿರಲಿ.

ಇನ್ನು ಎಲೆಕ್ಷನ್. ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಲೈಸೆನ್ಸ್ ಇರುವವರೆಲ್ಲ ಕಣ್ಣು ಮುಚ್ಚಿ ಕೋವಿ ತಂದಿಡಬೇಕು ಅಂತ ನಿಯಮ ಹೇಳುವುದಿಲ್ಲ. ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರುತ್ತದೆ. ಜಾಮೀನಿನ ಮೇಲಿರುವವರು, ಹಳೆಯ ಕೇಸಿನವರು, ಹಿಂದೆ ಗಲಾಟೆ ಮಾಡಿದವರು ಯಾರು ಎಂದು ನೋಡಿ, ಅಂಥವರ ಕೋವಿ ಇರಿಸಿಕೊಳ್ಳಬೇಕು. ನೋಡುವುದಕ್ಕಿಂತ ಎಲ್ಲರಿಗೂ ಒಂದೇ ನೋಟಿಸು ಕಳಿಸುವುದು ಸುಲಭ, ಅದಕ್ಕೇ ಹಾಗೆ ನಡೆಯುತ್ತದೆ. ಇದನ್ನು ಪ್ರಶ್ನಿಸಿ ಕರಾವಳಿಯ ಕೃಷಿಕರು ಹೈಕೋರ್ಟಿಗೂ ಹೋಗಿದ್ದಾರೆ. ಮುಂದಿನ ಸಲ ನೋಟಿಸು ಬಂದ ದಿನವೇ ಒಂದು ಅರ್ಜಿ ಬರೆಯಿರಿ: ನನ್ನ ಮೇಲೆ ಕೇಸಿಲ್ಲ, ಮನೆ ಒಂಟಿ, ಬೆಳೆಗೆ ಪ್ರಾಣಿಗಳ ಕಾಟ, ವಿನಾಯಿತಿ ಬೇಕು. ಟಪಾಲಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸಮಿತಿ ಏನು ಉತ್ತರ ಕೊಡುತ್ತದೋ ಅದರ ಒಂದು ಪ್ರತಿ ನಮಗೂ ಕಳಿಸಿ. ಉತ್ತರ ಬರದಿದ್ದರೆ ನಿಮ್ಮ ಅರ್ಜಿಯನ್ನೇ ಅಚ್ಚು ಹಾಕುತ್ತೇವೆ, ಆಗಲೂ ನಿಮ್ಮ ಹೆಸರು ಬಿಟ್ಟು.